ಕನ್ನಡಿ ಕಳಚಿಟ್ಟ ಕ್ಯಾಮೆರಾ

ಕೆಲವು ವಸ್ತುಗಳಿಗೆ ತಮ್ಮಲ್ಲಿ ಇರುವುದರಿಂದಲ್ಲ, ಇಲ್ಲದ್ದರಿಂದ ಹೆಸರು ಬರುತ್ತದೆ. ಮೋಟಾರು ಕಾರು ಹೊಸದಾಗಿ ರಸ್ತೆಗಿಳಿದಾಗ ಇಂಗ್ಲಿಷ್ ಮಾತಾಡುವ ನಾಡುಗಳ ಜನ ಅದನ್ನು ‘ಕುದುರೆಯಿಲ್ಲದ ಗಾಡಿ’ ಎಂದು ಕರೆದರು. ತಂತಿಯ ಹಂಗಿಲ್ಲದೆ ಸುದ್ದಿ ಮುಟ್ಟಿಸುವ ಸಾಧನ ‘ವೈರ್‌ಲೆಸ್’ ಆಯಿತು. ಈಗ ಕ್ಯಾಮೆರಾ ಅಂಗಡಿಗಳ ಗಾಜಿನ ಕಪಾಟುಗಳಲ್ಲಿ ಕೂತಿರುವ ‘ಮಿರರ್‌ಲೆಸ್’ ಕೂಡ ಅದೇ ಸಾಲಿಗೆ ಸೇರಿದ್ದು. ಎಂದರೆ ಕನ್ನಡಿ ಇಲ್ಲದ್ದು. ಕೊಳ್ಳಲು ಬಂದವರು ಮೆಗಾಪಿಕ್ಸೆಲ್ ಎಷ್ಟು, ಬೆಲೆ ಎಷ್ಟು, ವಿಡಿಯೊ ಹೇಗೆ ಬರುತ್ತದೆ ಎಂದೆಲ್ಲ ವಿಚಾರಿಸುತ್ತಾರೆ. ಇಲ್ಲದಿರುವ ಆ ಕನ್ನಡಿ ಹಿಂದೆ ಅಲ್ಲಿ ಏಕಿತ್ತು, ಅದನ್ನು ತೆಗೆದುಹಾಕಲು ಇಷ್ಟು ವರ್ಷ ಏಕೆ ಬೇಕಾಯಿತು ಎಂದು ಕೇಳುವವರು ವಿರಳ. ಆದರೆ ಈ ಕ್ಯಾಮೆರಾದ ಹೆಚ್ಚಿನ ಗುಣಗಳೂ ಕೆಲವು ದೋಷಗಳೂ ಆ ಕನ್ನಡಿ ತೆರವು ಮಾಡಿಕೊಟ್ಟ ಜಾಗದಲ್ಲೇ ಹುಟ್ಟಿದವು.

ಮೊದಲು ಕನ್ನಡಿ ಇರುವ ಕ್ಯಾಮೆರಾವನ್ನೇ ನೋಡೋಣ. ಮದುವೆ ಮನೆಗಳಲ್ಲಿ, ಸಭೆ ಸಮಾರಂಭಗಳಲ್ಲಿ ದಶಕಗಳ ಕಾಲ ನಾವು ಕಂಡ ಎಸ್‌ಎಲ್‌ಆರ್ ಅದು. ಲೆನ್ಸಿನ ಹಿಂದೆ, ಫಿಲಂನ ಮುಂದೆ, 45 ಡಿಗ್ರಿ ಓರೆಯಾಗಿ ಒಂದು ಪುಟ್ಟ ಕನ್ನಡಿ ಇರುತ್ತದೆ. ಲೆನ್ಸಿನೊಳಗಿಂದ ಬಂದ ಬೆಳಕು ಕನ್ನಡಿಗೆ ಬಡಿದು ಮೇಲಕ್ಕೆ ಪುಟಿಯುತ್ತದೆ, ಮಂಜುಗಾಜಿನ ಮೇಲೆ ಬಿಂಬವಾಗಿ ಮೂಡುತ್ತದೆ, ಅಲ್ಲಿಂದ ಗಾಜಿನ ಪಟ್ಟಕವೊಂದರಲ್ಲಿ ಸುತ್ತಿ ಬಳಸಿ ಛಾಯಾಗ್ರಾಹಕನ ಕಣ್ಣು ಸೇರುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲಕ್ಕೆ ಮಡಚಿಕೊಳ್ಳುತ್ತದೆ. ಷಟರ್ ತೆರೆದು ಮುಚ್ಚುತ್ತದೆ. ಅಷ್ಟರಲ್ಲಿ ಬೆಳಕು ಫಿಲಂ ಮುಟ್ಟಿರುತ್ತದೆ, ಕನ್ನಡಿ ಮತ್ತೆ ಕೆಳಗಿಳಿಯುತ್ತದೆ. ‘ಕ್ಲಿಕ್’ ಎಂದು ನಾವು ಕೇಳುತ್ತಿದ್ದ ಸದ್ದಿನಲ್ಲಿ ದೊಡ್ಡ ಪಾಲು ಈ ಕನ್ನಡಿಯದು.

ಇಲ್ಲೊಂದು ಚೋದ್ಯವಿದೆ. ಕನ್ನಡಿ ಮೇಲೆದ್ದಿರುವಷ್ಟು ಹೊತ್ತು ಕಣ್ಣಿಗೆ ಬೆಳಕು ಬರುವುದಿಲ್ಲ. ಇಣುಕುವ ಕಿಂಡಿ ಪೂರ್ತಿ ಕತ್ತಲು. ಧಾರೆ ಎರೆಯುವಾಗ ನೀರಿನ ಎಳೆ ಕೈಯಿಂದ ಕೈಗೆ ಇಳಿಯುವ ಕ್ಷಣವನ್ನು ಹಿಡಿದ ಫೋಟೊಗ್ರಾಫರ್ ಅದಕ್ಕೆ ಮುಂಚಿನದನ್ನು ಕಂಡಿದ್ದಾನೆ, ಅದರ ನಂತರದ್ದನ್ನೂ ಕಂಡಿದ್ದಾನೆ. ಆ ಕ್ಷಣವನ್ನು ಮಾತ್ರ ಕಂಡಿಲ್ಲ. ಕಿಂಡಿಯಲ್ಲಿ ಕಣ್ಣಾರೆ ಕಂಡೆ ಎನ್ನುವುದಾದರೆ ಚಿತ್ರ ತಪ್ಪಿತೆಂದೇ ಲೆಕ್ಕ ಎಂದು ಕ್ರೀಡಾ ಛಾಯಾಗ್ರಾಹಕರು ಹೇಳುವುದುಂಟು. ಅದು ಬರೀ ತಮಾಷೆಯಲ್ಲ. ಎಲ್ಲವನ್ನೂ ತೋರಿಸುತ್ತಿದ್ದ ಕನ್ನಡಿ, ಬೇಕಾದ ಕ್ಷಣ ಬಂದಾಗ ಕಣ್ಣಿಗೆ ಬಟ್ಟೆ ಕಟ್ಟುತ್ತಿತ್ತು. ಮಿರರ್‌ಲೆಸ್ ಕ್ಯಾಮೆರಾದ ಇತಿಹಾಸವೆಂದರೆ ಬಹುಮಟ್ಟಿಗೆ ಈ ಕುರುಡು ಕ್ಷಣದಿಂದ ಬಿಡಿಸಿಕೊಂಡ ಇತಿಹಾಸ. ಅದಕ್ಕೆ ಬದಲಾಗಿ ಏನನ್ನು ಕೊಡಬೇಕಾಯಿತು ಎಂಬುದೂ ಅದರಲ್ಲೇ ಸೇರಿದೆ.

ಕ್ಯಾಮೆರಾದೊಳಗಿನ ಕನ್ನಡಿ ಛಾಯಾಗ್ರಹಣಕ್ಕಿಂತಲೂ ಹಳೆಯದು. ಕತ್ತಲ ಪೆಟ್ಟಿಗೆಗೆ ಮಸೂರ ಜೋಡಿಸಿ ಹೊರಗಿನ ನೋಟವನ್ನು ಒಳಗೆ ಮೂಡಿಸುವ ‘ಕ್ಯಾಮೆರಾ ಅಬ್ಸ್‌ಕ್ಯುರಾ’ ಚಿತ್ರ ಬರೆಯುವವರ ಸಲಕರಣೆಯಾಗಿತ್ತು. ಹೊತ್ತೊಯ್ಯಬಹುದಾದ ಅಂಥ ಪೆಟ್ಟಿಗೆಯೊಳಗೆ ಓರೆ ಕನ್ನಡಿ ಇಟ್ಟು, ಬಿಂಬ ಮೇಲ್ಗಡೆ ಮೂಡುವಂತೆ ಮಾಡುವ ವಿನ್ಯಾಸವನ್ನು ಜರ್ಮನಿಯ ಯೋಹಾನ್ ಝಾನ್ 1685ರಲ್ಲೇ ವಿವರಿಸಿದ್ದ. ಆ ಬಿಂಬವನ್ನು ಕಾಗದದ ಮೇಲೆ ಉಳಿಸಿಕೊಳ್ಳುವ ವಿದ್ಯೆ ಹುಟ್ಟಲು ಆಗಿನ್ನೂ ಸುಮಾರು ಒಂದೂವರೆ ಶತಮಾನ ಬಾಕಿ ಇತ್ತು.

1861ರಲ್ಲಿ ಇಂಗ್ಲೆಂಡಿನ ಥಾಮಸ್ ಸಟನ್ ಎಂಬಾತ ಒಂದೇ ಲೆನ್ಸಿನಿಂದ ನೋಡುವ ಕೆಲಸವನ್ನೂ ತೆಗೆಯುವ ಕೆಲಸವನ್ನೂ ಮಾಡಿಸುವ ಕನ್ನಡಿ ಕ್ಯಾಮೆರಾಕ್ಕೆ ಪೇಟೆಂಟ್ ಪಡೆದ. ಎಸ್‌ಎಲ್‌ಆರ್ ವಂಶದ ಮೂಲಪುರುಷ ಈತನೇ. ಅದೇ ವರ್ಷ ಈತ ಇನ್ನೊಂದು ಕೆಲಸದಲ್ಲೂ ಕೈಜೋಡಿಸಿದ್ದ. ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್‌ಗಾಗಿ ಬಣ್ಣದ ಪಟ್ಟೆಗಳ ರಿಬ್ಬನ್ ಒಂದನ್ನು ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಬೇರೆ ಬೇರೆಯಾಗಿ ಚಿತ್ರಿಸಿಕೊಟ್ಟ. ಮೂರು ಕಪ್ಪು-ಬಿಳುಪು ಚಿತ್ರಗಳನ್ನು ಅದೇ ಮೂರು ಬಣ್ಣಗಳ ಬೆಳಕಿನಲ್ಲಿ ಪರದೆಯ ಮೇಲೆ ಒಂದರ ಮೇಲೊಂದು ಬೀಳಿಸಿದಾಗ ರಿಬ್ಬನ್ ತನ್ನ ಬಣ್ಣಗಳಲ್ಲಿ ಕಂಡಿತು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ನಡೆದ ಆ ಪ್ರದರ್ಶನವನ್ನು ವರ್ಣ ಛಾಯಾಗ್ರಹಣದ ಮೊದಲ ಹೆಜ್ಜೆ ಎಂದು ಎಣಿಸುತ್ತಾರೆ. ಈ ಎರಡನೆಯ ಸಂಗತಿ ಓದುಗರ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಹಾಗೆಂದು ಕನ್ನಡಿ ಕ್ಯಾಮೆರಾ ಒಡನೆಯೇ ಗೆದ್ದಿತೆಂದಲ್ಲ. 20ನೇ ಶತಮಾನದ ಮೊದಲರ್ಧದಲ್ಲಿ ಹೆಸರು ಮಾಡಿದ ಸಣ್ಣ ಕ್ಯಾಮೆರಾದಲ್ಲಿ ಓರೆ ಕನ್ನಡಿ ಇರಲೇ ಇಲ್ಲ. ಆಸ್ಕರ್ ಬಾರ್ನಾಕ್ ರೂಪಿಸಿ, 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಸಿನಿಮಾ ಫಿಲಂ ಬಳಸುತ್ತಿತ್ತು, ಜೇಬಿನಲ್ಲಿ ಹಿಡಿಸುತ್ತಿತ್ತು. ನೋಡುವುದಕ್ಕೆ ಲೆನ್ಸಿನ ಮೇಲ್ಗಡೆ ಬೇರೆಯದೇ ಕಿಂಡಿ. ಅದರಲ್ಲಿ ಕತ್ತಲಾಗುವ ಮಾತಿಲ್ಲ, ಸದ್ದೂ ಕಡಿಮೆ. ಆದರೆ ಕಣ್ಣು ಕಾಣುವುದೊಂದು, ಲೆನ್ಸ್ ಕಾಣುವುದು ಇನ್ನೊಂದು. ದೂರದ ಬೆಟ್ಟಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಒಂದು ಮೊಳ ದೂರದ ಹೂವಿಗಾದರೆ ಅರ್ಧ ಹೂವೇ ಕತ್ತರಿಸಿಹೋಗುತ್ತದೆ. ದೂರದ್ದನ್ನು ಹತ್ತಿರ ತರುವ ಉದ್ದನೆಯ ಲೆನ್ಸ್ ಹಾಕಿದರಂತೂ ಕಿಂಡಿಯಿಂದ ಏನೂ ಉಪಯೋಗವಿಲ್ಲ. ಬರೀ ಹೆಸರಿನ ಪ್ರಶ್ನೆಯಾದರೆ ಮಿರರ್‌ಲೆಸ್ ಪಟ್ಟಕ್ಕೆ ಲೈಕಾವೇ ಹಿರಿಯ ಹಕ್ಕುದಾರ. ನಾವು ಇಂದು ಹಾಗೆ ಕರೆಯುವುದು ಬೇರೆ ಜಾತಿಯ ಕ್ಯಾಮೆರಾವನ್ನು.

ಲೆನ್ಸ್ ಕಂಡದ್ದನ್ನೇ ಕಣ್ಣಿಗೂ ತೋರಿಸಬೇಕೆಂಬ ಹಟ ಕನ್ನಡಿಯನ್ನು ಮತ್ತೆ ಕರೆತಂದಿತು. 1936ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಿಂದ ಬಂದ ಕೀನೆ ಎಕ್ಸಾಕ್ಟಾದಲ್ಲಿ ಮೇಲಿನಿಂದ ಬಗ್ಗಿ ನೋಡಬೇಕಿತ್ತು, ಎಡಬಲ ಅದಲುಬದಲಾಗಿ ಕಾಣುತ್ತಿತ್ತು. 1949ರಲ್ಲಿ ಅದೇ ಊರಿನ ಕಾಂಟ್ಯಾಕ್ಸ್ ಎಸ್ ಪೆಂಟಾಪ್ರಿಸಂ ಎಂಬ ಗಾಜಿನ ಪಟ್ಟಕವನ್ನು ನೆತ್ತಿಯ ಮೇಲೆ ಹೊತ್ತು ಬಂದು, ಕಣ್ಣಿನ ಮಟ್ಟದಲ್ಲಿ ಸರಿಯಾದ ನೋಟ ಕೊಟ್ಟಿತು. ಕ್ಯಾಮೆರಾಕ್ಕೆ ಅಂದು ಮೂಡಿದ ಡುಬ್ಬ ಇಂದಿಗೂ ಇಳಿದಿಲ್ಲ. ಆಗಿನ ಸಾಮಾನ್ಯ ಕ್ಯಾಮೆರಾಗಳಲ್ಲಿ ಚಿತ್ರ ತೆಗೆದ ಮೇಲೆ ಕನ್ನಡಿ ಮೇಲೆಯೇ ಉಳಿಯುತ್ತಿತ್ತು. ಫಿಲಂ ಸುತ್ತಿದಾಗಲೇ ಕಿಂಡಿಯಲ್ಲಿ ಮತ್ತೆ ಬೆಳಕು. ತಾನಾಗಿ ಮರಳುವ ಕನ್ನಡಿಯನ್ನು ಹಂಗೇರಿಯ ಡ್ಯೂಫ್ಲೆಕ್ಸ್ ಮೊದಲು ತೋರಿಸಿತಾದರೂ ಅದನ್ನು ಜಗತ್ತಿಗೆ ಒಗ್ಗಿಸಿದ್ದು 1954ರಲ್ಲಿ ಜಪಾನಿನ ಅಸಾಹಿ ಕಂಪನಿ. ಮುಂದೆ ಪೆಂಟಾಕ್ಸ್ ಎಂಬ ಹೆಸರಾದದ್ದು ಅದೇ. 1959ರಲ್ಲಿ ನಿಕಾನ್ ಎಫ್ ಬಂದಿತು. ಪತ್ರಿಕಾ ಛಾಯಾಗ್ರಾಹಕರ ಕೊರಳಿನಿಂದ ಲೈಕಾ ಇಳಿದು ಎಸ್‌ಎಲ್‌ಆರ್ ಏರಿತು. ಆಮೇಲೆ ಅರ್ಧ ಶತಮಾನ ಅದನ್ನು ಅಲುಗಿಸಿದವರಿಲ್ಲ.

ಆದರೆ ಕನ್ನಡಿ ಬಾಡಿಗೆ ಕೇಳದೆ ಕೂರುವ ಅತಿಥಿಯಲ್ಲ. ಅದು ಮೊದಲು ಕೇಳಿದ್ದು ಜಾಗ. ಮೇಲಕ್ಕೂ ಕೆಳಕ್ಕೂ ಮಡಚುವ ಕನ್ನಡಿಗೆ ಎಡೆ ಬೇಕಾದ್ದರಿಂದ ಲೆನ್ಸನ್ನು ಫಿಲಂನಿಂದ ದೂರ ಸರಿಸಬೇಕಾಯಿತು. ನಿಕಾನ್ ಎಫ್‌ನಲ್ಲಿ ಲೆನ್ಸ್ ಕೂರುವ ಬಳೆಯಿಂದ ಫಿಲಂವರೆಗಿನ ದೂರ 46.5 ಮಿಲಿಮೀಟರ್. ಕನ್ನಡಿಯಿಲ್ಲದ ಲೈಕಾ ಎಂ ಮಾದರಿಯಲ್ಲಿ ಇದು 27.8. ವಿಶಾಲ ನೋಟ ಕೊಡುವ ಲೆನ್ಸುಗಳು ಸಹಜವಾಗಿ ಫಿಲಂಗೆ ಅಂಟಿಕೊಂಡಂತೆ ಇರಬೇಕು. ಈ ಪೇಚಿಗೆ ನಿಕಾನ್ ಮೊದಲು ಕಂಡುಕೊಂಡ ಉಪಾಯ ಸ್ವಾರಸ್ಯಕರ. ಅದರ 21 ಮಿ.ಮೀ. ಲೆನ್ಸಿನ ಹಿಂಬದಿ ಕನ್ನಡಿಯ ಜಾಗಕ್ಕೇ ಚಾಚಿಕೊಳ್ಳುತ್ತಿತ್ತು. ಆದ್ದರಿಂದ ಕನ್ನಡಿಯನ್ನು ಮೇಲೆತ್ತಿ ಭದ್ರಪಡಿಸಿ, ಆಮೇಲೆ ಲೆನ್ಸ್ ಸಿಕ್ಕಿಸಿ, ನೋಡಲು ಕ್ಯಾಮೆರಾದ ತಲೆಯ ಮೇಲೆ ಬೇರೊಂದು ಕಿಂಡಿ ಕೂರಿಸಬೇಕಿತ್ತು. ಎಂದರೆ ಆ ಲೆನ್ಸಿಗಾಗಿ ನಿಕಾನ್ ಎಫ್ ಪುನಃ ಲೈಕಾ ಆಗಿಬಿಡುತ್ತಿತ್ತು! ಫ್ರಾನ್ಸಿನ ಆಂಜನ್ಯು ಕಂಪನಿ 1950ರ ಹೊತ್ತಿಗೇ ದೂರ ಕೂತು ವಿಶಾಲವಾಗಿ ನೋಡುವ, ‘ರೆಟ್ರೊಫೋಕಸ್’ ಎಂಬ ಲೆನ್ಸ್ ವಿನ್ಯಾಸವನ್ನು ಹೊರತಂದಿತ್ತು. ಮುಂದೆ ಎಲ್ಲರೂ ಅದೇ ದಾರಿ ಹಿಡಿದರು. ಅದಕ್ಕೆ ಹೆಚ್ಚಿನ ಗಾಜುಗಳು, ಹೆಚ್ಚಿನ ತೂಕ, ಹೆಚ್ಚಿನ ಬೆಲೆ.

ಎರಡನೆಯ ಬಾಡಿಗೆ, ಆಗಲೇ ಹೇಳಿದ ಕುರುಡು ಕ್ಷಣ. ಇದನ್ನು ತಪ್ಪಿಸಲು ಕೆನಾನ್ 1965ರಲ್ಲಿ ಪೆಲಿಕ್ಸ್ ಎಂಬ ಕ್ಯಾಮೆರಾದಲ್ಲಿ ಅಲುಗಾಡದ, ಅರೆಪಾರದರ್ಶಕ ಕನ್ನಡಿ ಇಟ್ಟಿತು. ಬೆಳಕಿನ ಮೂರನೇ ಒಂದು ಭಾಗ ಕಣ್ಣಿಗೆ, ಉಳಿದದ್ದು ಫಿಲಂಗೆ. ಕಿಂಡಿ ಕತ್ತಲಾಗಲಿಲ್ಲ, ಮಬ್ಬಾಯಿತು. ಫಿಲಂ ಕೂಡ ಅಷ್ಟು ಬೆಳಕಿಗೆ ಎರವಾಯಿತು. ಜನ ಒಲಿಯಲಿಲ್ಲ.

ಮೂರನೆಯದು ಸದ್ದು ಮತ್ತು ಅದುರು. ಸಿನಿಮಾ ಚಿತ್ರೀಕರಣದ ನಡುವೆ ಸ್ಥಿರಚಿತ್ರ ತೆಗೆಯುವವರು ಕ್ಯಾಮೆರಾವನ್ನು ಸದ್ದು ನುಂಗುವ ಪೆಟ್ಟಿಗೆಯೊಳಗೆ ಕೂಡಿಟ್ಟು ಕೆಲಸ ಮಾಡಿದ್ದುಂಟು. ಕಾಡಿನಲ್ಲಿ ಆ ಪೆಟ್ಟಿಗೆ ಹೊತ್ತು ತಿರುಗುವವರಾರು? ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅಂಥವರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದದ್ದು ಫಿಲಂ ಕಾಲದಲ್ಲಿ. ಗೂಡಿನೆದುರು ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಕೂತವರಿಗೆ ಮೊದಲ ‘ಕ್ಲಿಕ್’ ಎಷ್ಟು ದುಬಾರಿ ಎಂಬುದು ಗೊತ್ತಿತ್ತು. ಹಕ್ಕಿ ಬೆಚ್ಚಿ ಹಾರಿದರೆ ಎರಡನೆಯ ಚಿತ್ರವಿಲ್ಲ. ಗೂಡು ಬಿಟ್ಟೇ ಹೋದರೆ ಅದು ಬರೀ ಫೋಟೊದ ನಷ್ಟವಲ್ಲ. ಮೂಡಿಗೆರೆಯ ಸುತ್ತ ಹಕ್ಕಿಗಳ ಬೆನ್ನು ಬಿದ್ದು ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿ ತೀರಿಕೊಂಡದ್ದು 2007ರಲ್ಲಿ. ಕನ್ನಡಿ ಕಳಚಿದ ಮೊದಲ ಕ್ಯಾಮೆರಾ ಅಂಗಡಿಗೆ ಬಂದದ್ದು ಮರುವರ್ಷ. ಹೊಸ ಯಂತ್ರವೆಂದರೆ ಬಿಚ್ಚಿ ನೋಡುವ ಕುತೂಹಲದ ಅವರ ಕೈಗೆ ಅದು ಸಿಕ್ಕಿದ್ದರೆ ಎಂದು ಅನ್ನಿಸದಿರದು.

ಇಷ್ಟೆಲ್ಲ ಬಾಡಿಗೆ ತೆತ್ತರೂ ಕನ್ನಡಿಯನ್ನು ಬಿಡುವಂತಿರಲಿಲ್ಲ. ಏಕೆಂದರೆ ಕಾಲ ಸರಿದಂತೆ ಕ್ಯಾಮೆರಾದ ಉಳಿದ ಇಂದ್ರಿಯಗಳೂ ಅದರ ಆಸುಪಾಸಿನಲ್ಲೇ ಬಿಡಾರ ಹೂಡಿದವು. ಬೆಳಕಿನ ಮಾಪಕ ಅದರ ಮೇಲ್ಗಡೆ ಸೇರಿತು. 1985ರಲ್ಲಿ ಜಪಾನಿನ ಮಿನೋಲ್ಟಾ 7000 ತಾನಾಗಿ ಫೋಕಸ್ ಮಾಡುವ ವಿದ್ಯೆಯನ್ನು ಎಸ್‌ಎಲ್‌ಆರ್‌ನ ಒಡಲೊಳಗೆ ತಂದಾಗ ಆ ಯಂತ್ರಾಂಗ ಕನ್ನಡಿಯ ಕೆಳಗೆ ಕೂತಿತು. ಮುಖ್ಯ ಕನ್ನಡಿಯ ನಡುಭಾಗ ಸ್ವಲ್ಪ ಬೆಳಕನ್ನು ಒಳಬಿಡುತ್ತದೆ. ಹಿಂದಿರುವ ಮರಿಗನ್ನಡಿ ಅದನ್ನು ಕೆಳಕ್ಕೆ ತಿರುಗಿಸುತ್ತದೆ. ಅಲ್ಲಿ ಲೆನ್ಸಿನ ಎಡಗಡೆಯಿಂದ ಬಂದ ಬಿಂಬವನ್ನೂ ಬಲಗಡೆಯಿಂದ ಬಂದ ಬಿಂಬವನ್ನೂ ಹೋಲಿಸಿ, ಲೆನ್ಸ್ ಯಾವ ಕಡೆಗೆ, ಎಷ್ಟು ಸರಿಯಬೇಕೆಂದು ಒಂದೇ ಏಟಿಗೆ ಹೇಳಿಬಿಡುವ ಏರ್ಪಾಡು. ನಮ್ಮ ಎರಡು ಕಣ್ಣುಗಳು ದೂರ ಅಳೆಯುವ ರೀತಿಗೆ ಇದು ಹತ್ತಿರ. ಕನ್ನಡಿ ತೆಗೆದರೆ ಈ ಚುರುಕುತನವೂ ಹೋಗುತ್ತಿತ್ತು.

ಈ ನಡುವೆ ಫಿಲಂ ಜಾಗಕ್ಕೇ ಬೇರೊಬ್ಬ ಬಂದ. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಜೋಡಿಸಿದ ಡಿಜಿಟಲ್ ಕ್ಯಾಮೆರಾ ಸುಮಾರು ಮೂರೂವರೆ ಕಿಲೊ ತೂಗುತ್ತಿತ್ತು. ಹತ್ತು ಸಾವಿರ ಚುಕ್ಕಿಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ಬರೆದಿಡಲು ಅದಕ್ಕೆ 23 ಸೆಕೆಂಡು ಬೇಕಿತ್ತು. 1991ರಲ್ಲಿ ಕೊಡಾಕ್ ನಿಕಾನ್ ಎಫ್3 ಕ್ಯಾಮೆರಾದ ಬೆನ್ನಿಗೆ ಫಿಲಂ ಬದಲು ಸೆನ್ಸರ್ ಎಂಬ ಸಿಲಿಕಾನ್ ಬಿಲ್ಲೆ ಕೂರಿಸಿ ವೃತ್ತಿನಿರತರಿಗೆ ಮಾರಿತು. 1999ರ ನಿಕಾನ್ ಡಿ1 ಕೂಡ ಅದೇ ಜಾಡಿನದು. ಮನೆ ಹಳೆಯದು, ವಾಸಕ್ಕೆ ಬಂದವನು ಹೊಸಬ. ಕನ್ನಡಿ, ಪಟ್ಟಕ, ಷಟರ್ ಎಲ್ಲವೂ ಇದ್ದಲ್ಲಿಯೇ ಇದ್ದವು. ಸೆನ್ಸರಿಗೆ ಬೇಕೆಂದಾಗಲೆಲ್ಲ ನೋಡಬಲ್ಲ ಶಕ್ತಿ ಇದೆ ಎಂಬುದನ್ನೇ ಮರೆತಂತೆ, ಅದನ್ನು ಫಿಲಂನ ಹಾಗೆ ಕತ್ತಲಲ್ಲಿ ಕೂಡಿಹಾಕಿ, ಗುಂಡಿ ಒತ್ತಿದಾಗಷ್ಟೇ ಹೊರಗಿನದನ್ನು ತೋರಿಸುತ್ತಿದ್ದರು.

ಆ ಶಕ್ತಿಯನ್ನು ಬಳಸಿಕೊಂಡದ್ದು ಯಾರೂ ಲೆಕ್ಕಕ್ಕಿಡದ ಆಟಿಕೆಯಂಥ ಕ್ಯಾಮೆರಾ. 1995ರಲ್ಲಿ ಕ್ಯಾಲ್ಕುಲೇಟರುಗಳಿಗೆ ಹೆಸರಾದ ಕ್ಯಾಸಿಯೊ ಕಂಪನಿ ತಂದ ಕ್ಯೂವಿ-10ರ ಬೆನ್ನಿಗೆ ಪುಟ್ಟ ಪರದೆಯಿತ್ತು. ಸೆನ್ಸರ್ ಕಂಡದ್ದು ನೇರವಾಗಿ ಅದರಲ್ಲಿ ಮೂಡುತ್ತಿತ್ತು. ಚಿತ್ರದ ಗುಣಮಟ್ಟ ಹೇಳಿಕೊಳ್ಳುವಂಥದ್ದಲ್ಲ, ಎರಡೂವರೆ ಲಕ್ಷ ಚುಕ್ಕಿಗಳ ಸೆನ್ಸರ್ ಅಷ್ಟೇ. ಆದರೆ ಚಿತ್ರ ಹಿಡಿಯುವ ಕಣ್ಣೇ ಚಿತ್ರ ತೋರಿಸುವ ಕಣ್ಣೂ ಆಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆ ಸ್ವಲ್ಪದರಲ್ಲೇ ಕ್ಯಾಮೆರಾ ತಯಾರಕರಿಗೂ ಅರ್ಥವಾಗಬೇಕಿತ್ತು. ಆಗಲಿಲ್ಲ. ಪ್ರವಾಸಿಗರ ಅಗ್ಗದ ಕ್ಯಾಮೆರಾಗಳು ಹತ್ತು ಹದಿನೈದು ವರ್ಷ ಕನ್ನಡಿಯಿಲ್ಲದೆ ನೆಮ್ಮದಿಯಾಗಿ ನೋಡುತ್ತಿದ್ದಾಗ, ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾಗಳು ಪ್ರತಿ ಕ್ಲಿಕ್ಕಿಗೂ ಕುರುಡಾಗುತ್ತಿದ್ದವು.

ಇದಕ್ಕೆ ತಾಂತ್ರಿಕ ಕಾರಣಗಳಿದ್ದವು. ಆಗಿನ ದೊಡ್ಡ ಸೆನ್ಸರುಗಳನ್ನು ಸತತವಾಗಿ ಉರಿಸಿದರೆ ಬಿಸಿಯಾಗುತ್ತಿದ್ದವು, ಬ್ಯಾಟರಿ ಕುಡಿಯುತ್ತಿದ್ದವು. ಕಿಂಡಿಯೊಳಗಿಡಬಲ್ಲ ಪರದೆಗಳು ಒರಟಾಗಿದ್ದವು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಪ್ರಯೋಗಾಲಯದಲ್ಲಿ ಎರಿಕ್ ಫಾಸಮ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಬೆಳೆಸಿದ ಸಿಮಾಸ್ ಸೆನ್ಸರ್ ಕಡಿಮೆ ವಿದ್ಯುತ್ತಿನಲ್ಲಿ ವೇಗವಾಗಿ ಕೆಲಸ ಮಾಡುವಂತಾದ ಮೇಲೆಯೇ ದಾರಿ ತೆರೆಯಿತು. ಇನ್ನೊಂದು ಕಾರಣ ಶುದ್ಧ ವ್ಯಾಪಾರದ್ದು. ನಿಕಾನ್, ಕೆನಾನ್ ಕಂಪನಿಗಳ ಲೆನ್ಸುಗಳು ಜಗತ್ತಿನಾದ್ಯಂತ ಜನರ ಚೀಲಗಳಲ್ಲಿದ್ದವು, ಎಲ್ಲವೂ ಕನ್ನಡಿಯ ಅಳತೆಗೆ ಹೊಲಿದ ಅಂಗಿಗಳು. ಅಳತೆ ಬದಲಿಸಿದರೆ ಗಿರಾಕಿ ಬೇರೆ ಅಂಗಡಿಗೆ ಹೋದಾನು. ಹಾಗಾಗಿ ಡಿಜಿಟಲ್ ಎಸ್‌ಎಲ್‌ಆರ್ ಪಂದ್ಯದಲ್ಲಿ ಹಿಂದೆ ಬಿದ್ದಿದ್ದವರೇ, ಕಳೆದುಕೊಳ್ಳಲು ಹೆಚ್ಚೇನೂ ಇಲ್ಲದವರೇ, ಹೊಸಿಲು ದಾಟಿದರು. ಒಲಿಂಪಸ್ ಮತ್ತು ಪ್ಯಾನಸಾನಿಕ್ 2008ರ ಆಗಸ್ಟಿನಲ್ಲಿ ‘ಮೈಕ್ರೊ ಫೋರ್ ಥರ್ಡ್ಸ್’ ಎಂಬ ಅಳತೆಗಳ ಒಪ್ಪಂದ ಪ್ರಕಟಿಸಿದವು. ಸೆನ್ಸರ್ 17.3 ಮಿ.ಮೀ. ಅಗಲ, 13 ಮಿ.ಮೀ. ಎತ್ತರ. ಬಳೆಯಿಂದ ಸೆನ್ಸರಿಗೆ ಸುಮಾರು 20 ಮಿ.ಮೀ. ಅವರದೇ ಹಿಂದಿನ ಕನ್ನಡಿ ಮಾದರಿಯ ಅರ್ಧ.

ಆ ವರ್ಷವೇ ಪ್ಯಾನಸಾನಿಕ್‌ನ ಲ್ಯೂಮಿಕ್ಸ್ ಜಿ1 ಬಂದಿತು. ಲೆನ್ಸ್ ಬಿಟ್ಟು 385 ಗ್ರಾಂ, 12 ಮೆಗಾಪಿಕ್ಸೆಲ್. ಪಟ್ಟಕವೇ ಇಲ್ಲದಿದ್ದರೂ ನೆತ್ತಿಯ ಮೇಲೆ ಡುಬ್ಬ ಇತ್ತು, ಕೊಳ್ಳುವವರು ಬೆದರಬಾರದಲ್ಲ! ಆ ಡುಬ್ಬದೊಳಗೆ ಕಣ್ಣಿಟ್ಟರೆ ಕಾಣುವುದು ಹೊರಗಿನ ಬೆಳಕಲ್ಲ, ಪುಟ್ಟ ಪರದೆ. ಅದು ಬಣ್ಣ ತೋರಿಸುತ್ತಿದ್ದ ರೀತಿ ಕುತೂಹಲಕರ. ಮೊದಲು ಕೆಂಪು ಚಿತ್ರ, ನಂತರ ಹಸಿರು, ನಂತರ ನೀಲಿ. ಹೀಗೆ ಸೆಕೆಂಡಿಗೆ 180 ಬಾರಿ. ಕಣ್ಣು ಅವನ್ನು ಬೆಸೆದು ಪೂರ್ಣ ಬಣ್ಣವಾಗಿ ಕಾಣುತ್ತಿತ್ತು. ಥಟ್ಟನೆ ಕಣ್ಣು ಹೊರಳಿಸಿದರೆ ಅಂಚುಗಳಲ್ಲಿ ಕಾಮನಬಿಲ್ಲು ಮಿಂಚುತ್ತಿತ್ತು. 1861ರಲ್ಲಿ ಸಟನ್ ಮಾಡಿದ್ದ ಎರಡನೆಯ ಕೆಲಸ ಇಲ್ಲಿ ನೆನಪಾಗಬೇಕು. ಆತನ ಕನ್ನಡಿಯನ್ನು ಕಿತ್ತೆಸೆದ ಕ್ಯಾಮೆರಾ ಆತನ ಮೂರು ಬಣ್ಣಗಳನ್ನು ಕಿಂಡಿಯಲ್ಲಿ ಕೂರಿಸಿಕೊಂಡಿತ್ತು. ಸೆನ್ಸರಿನ ಮೈಮೇಲೂ ಅದೇ ಕೆಂಪು, ಹಸಿರು, ನೀಲಿ ಚುಕ್ಕಿಗಳ ಜಾಲರಿ. ಅದಕ್ಕೆ 1976ರಲ್ಲಿ ಪೇಟೆಂಟ್ ಪಡೆದವನು ಕೊಡಾಕ್‌ನ ಬ್ರೈಸ್ ಬೇಯರ್.

ತಮಾಷೆಯೆಂದರೆ 2008ರಲ್ಲೇ ನಿಕಾನ್ ಡಿ90 ಮತ್ತು ಕೆನಾನ್ 5ಡಿ ಮಾರ್ಕ್-2 ಎಂಬ ಕನ್ನಡಿ ಕ್ಯಾಮೆರಾಗಳು ವಿಡಿಯೊ ತೆಗೆಯಲು ಕಲಿತವು. ಅದಕ್ಕೆ ಕನ್ನಡಿಯನ್ನು ಮೇಲೆತ್ತಿ ಹಿಡಿದು, ಕಿಂಡಿ ಮುಚ್ಚಿ, ಹಿಂದಿನ ಪರದೆ ನೋಡುತ್ತ ಕೆಲಸ ಮಾಡಬೇಕಿತ್ತು. ವಿಡಿಯೊ ಓಡುವಷ್ಟು ಹೊತ್ತು ಅವೂ ಮಿರರ್‌ಲೆಸ್ಸೇ.

ಫೋಕಸ್ ಸಮಸ್ಯೆ ಬಿಡಿಸಲು ಮಾತ್ರ ಇನ್ನೂ ಕೆಲವು ವರ್ಷ ಹಿಡಿಯಿತು. ಮೊದಲ ಮಿರರ್‌ಲೆಸ್‌ಗಳು ಫೋಕಸ್ ಹುಡುಕುತ್ತಿದ್ದ ಬಗೆ ಹಳೆಯ ರೇಡಿಯೊದಲ್ಲಿ ಸ್ಟೇಷನ್ ಹುಡುಕಿದಂತೆ. ಗುಬುಟು ತಿರುಗಿಸುತ್ತ ಹೋಗಿ, ಸ್ಪಷ್ಟವಾದ ಜಾಗ ದಾಟಿದ ಮೇಲೆ ಅದು ಗೊತ್ತಾಗಿ ಹಿಂದಿರುಗಬೇಕು. ನಿಂತ ವಸ್ತುವಿಗೆ ಇದು ಸಾಕು, ಓಡುವ ಜಿಂಕೆಗೆ ಸಾಲದು. ಕನ್ನಡಿಯ ಕೆಳಗಿದ್ದ ಆ ಎಡಬಲ ಹೋಲಿಕೆಯ ವಿದ್ಯೆಯನ್ನು ಸೆನ್ಸರಿನ ಚುಕ್ಕಿಗಳೊಳಗೇ ನೆಡುವುದನ್ನು ಫ್ಯೂಜಿಫಿಲಂ 2010ರಲ್ಲಿ ಸಣ್ಣ ಕ್ಯಾಮೆರಾವೊಂದರಲ್ಲಿ ತೋರಿಸಿತು. 2013ರಲ್ಲಿ ಕೆನಾನ್ ಪ್ರತಿ ಚುಕ್ಕಿಯನ್ನೂ ಎರಡು ಹೋಳಾಗಿಸಿ, ಬಹುಪಾಲು ಸೆನ್ಸರನ್ನೇ ಫೋಕಸ್ ಯಂತ್ರವಾಗಿಸಿತು. ಅಲ್ಲಿಂದ ಕನ್ನಡಿಗೆ ಉಳಿದಿದ್ದ ಕೊನೆಯ ಸಮರ್ಥನೆಯೂ ಸಡಿಲಾಯಿತು. ಎಸ್‌ಎಲ್‌ಆರ್‌ನ ಫೋಕಸ್ ಯಂತ್ರಕ್ಕೆ ಕಾಣುತ್ತಿದ್ದದ್ದು ನಡುವಿನ ಕೆಲವು ಬಿಂದುಗಳು ಮಾತ್ರ. ಸೆನ್ಸರಿಗೆ ಕಾಣುವುದು ಇಡೀ ಚಿತ್ರ. ಇಡೀ ಚಿತ್ರ ಕಂಡರೆ ಅದರಲ್ಲಿ ಮುಖವೆಲ್ಲಿ, ಕಣ್ಣೆಲ್ಲಿ ಎಂದು ಗುರುತಿಸುವುದನ್ನೂ ಕಲಿಸಬಹುದು. ಕಳೆದ ಕೆಲವು ವರ್ಷಗಳ ಕ್ಯಾಮೆರಾಗಳು ರೆಂಬೆಗಳ ನಡುವೆ ಕೂತ ಹಕ್ಕಿಯ ಕಣ್ಣನ್ನೇ ಹುಡುಕಿ ಹಿಡಿಯುತ್ತವೆ.

2013ರಲ್ಲಿ ಸೋನಿ ತನ್ನ ಎ7 ಮಾದರಿಯಲ್ಲಿ 35 ಮಿ.ಮೀ. ಫಿಲಂನಷ್ಟೇ ದೊಡ್ಡ ಸೆನ್ಸರ್ ಇಟ್ಟಿತು. ಬಳೆಯಿಂದ ದೂರ ಬರೀ 18 ಮಿ.ಮೀ. ಕನ್ನಡಿಯ ಕೆಳಗೆ ಫೋಕಸ್ ಯಂತ್ರ ಕೂರಿಸಿದ ಮಿನೋಲ್ಟಾದ ಕ್ಯಾಮೆರಾ ವ್ಯವಹಾರ 2006ರಲ್ಲಿ ಸೋನಿಯ ಪಾಲಾಗಿತ್ತು ಎಂಬುದು ಇಲ್ಲಿ ಗಮನಾರ್ಹ.

ಇನ್ನು ಕುರುಡು ಕ್ಷಣದ ವಿಚಾರ. ಕನ್ನಡಿ ಹೋದ ಕೂಡಲೇ ಅದು ಹೋಗಲಿಲ್ಲ, ಮೊದಮೊದಲು ಹೆಚ್ಚೇ ಆಯಿತು. ಚಿತ್ರ ತೆಗೆಯುವುದರಲ್ಲಿ ತೊಡಗಿದ ಸೆನ್ಸರಿಗೆ ಕಿಂಡಿಗೆ ಚಿತ್ರ ಕಳಿಸಲು ಪುರಸೊತ್ತಿಲ್ಲ. ಒಂದೇ ಸಮನೆ ಚಿತ್ರ ತೆಗೆದರೆ ಕಿಂಡಿಯಲ್ಲಿ ಕಾಣುತ್ತಿದ್ದದ್ದು ಆಗಲೇ ತೆಗೆದಾದ ಚಿತ್ರಗಳ ಮೆರವಣಿಗೆ. ಓಡುವವನು ಎಲ್ಲಿದ್ದಾನೆ ಎಂಬುದಲ್ಲ, ಎಲ್ಲಿದ್ದ ಎಂಬುದು. 2017ರಲ್ಲಿ ಸೋನಿ ಎ9 ಸೆನ್ಸರಿನ ಬೆನ್ನಿಗೇ ನೆನಪಿನ ಪದರವೊಂದನ್ನು ಅಂಟಿಸಿಕೊಂಡು ಬಂದಿತು. ಚಿತ್ರವನ್ನು ಸರ್ರನೆ ಅಲ್ಲಿಗೆ ಸುರಿದು ಸೆನ್ಸರ್ ಮತ್ತೆ ನೋಡಲು ಸಿದ್ಧ. ಸೆಕೆಂಡಿಗೆ 20 ಚಿತ್ರ ತೆಗೆಯುತ್ತಿದ್ದರೂ ಕಿಂಡಿ ಒಮ್ಮೆಯೂ ಕಪ್ಪಾಗಲಿಲ್ಲ. ಬೇರೆ ಕಿಂಡಿಯಿಂದಲ್ಲ, ಮಬ್ಬುಗನ್ನಡಿಯಿಂದಲ್ಲ, ಲೆನ್ಸಿನ ಮೂಲಕವೇ ಛಾಯಾಗ್ರಾಹಕ ತಾನು ತೆಗೆಯುತ್ತಿರುವ ಕ್ಷಣವನ್ನು ತೆಗೆಯುತ್ತಿರುವಾಗಲೇ ಕಾಣತೊಡಗಿದ. ನನ್ನ ಮಟ್ಟಿಗೆ ಈ ಕ್ಯಾಮೆರಾ ಕಥೆಯ ನಿಜವಾದ ತಿರುವು 2008 ಅಲ್ಲ, ಇದು.

ಸದ್ದಿಲ್ಲದ ಈ ಎಲೆಕ್ಟ್ರಾನಿಕ್ ಷಟರಿಗೆ ಒಂದು ಐಬು. ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಕಾಲದ ಅಂತರ ಬೀಳುತ್ತದೆ. ಅಷ್ಟರಲ್ಲಿ ಬೀಸಿದ ಬ್ಯಾಟು ಬಾಗಿದಂತೆ, ಓಡುವ ರೈಲು ಓರೆಯಾದಂತೆ ಕಾಣಬಹುದು. ಓದುವ ವೇಗ ಹೆಚ್ಚಿದಂತೆ ಇದು ತಗ್ಗಿತು. 2021ರ ನಿಕಾನ್ ಝಡ್9 ಲೋಹದ ಷಟರನ್ನೇ ಕೈಬಿಟ್ಟಿತು. 2023ರ ನವೆಂಬರಿನಲ್ಲಿ ಪ್ರಕಟವಾದ ಸೋನಿ ಎ9-3 ಇಡೀ ಸೆನ್ಸರನ್ನು ಒಂದೇ ಕ್ಷಣದಲ್ಲಿ ಓದುತ್ತದೆ, ಸೆಕೆಂಡಿನ 80,000ನೇ ಒಂದು ಭಾಗದಷ್ಟು ಚಿಕ್ಕ ಕ್ಷಣವನ್ನೂ ಹಿಡಿಯುತ್ತದೆ. ಕನ್ನಡಿಯ ದೊಡ್ಡ ಮನೆತನಗಳಾದ ನಿಕಾನ್, ಕೆನಾನ್ 2018ರಲ್ಲಿ ಮಣಿದು, ಅನುಕ್ರಮವಾಗಿ 16 ಮತ್ತು 20 ಮಿ.ಮೀ. ದೂರದ ಹೊಸ ಬಳೆಗಳನ್ನು ತಂದಿದ್ದವು. 2020ರಲ್ಲಿ ಜಪಾನಿನ ಕ್ಯಾಮೆರಾ ತಯಾರಕರ ಒಕ್ಕೂಟದ ಲೆಕ್ಕದಲ್ಲಿ ಮಿರರ್‌ಲೆಸ್‌ಗಳ ರವಾನೆ ಕನ್ನಡಿ ಕ್ಯಾಮೆರಾಗಳನ್ನು ಮೀರಿಸಿತು. ಅದೇ ವರ್ಷ ಬಂದ ಕೆನಾನ್‌ನ ಘನವಾದ 1ಡಿ ಎಕ್ಸ್ ಮಾರ್ಕ್-3 ಕನ್ನಡಿ ಬಳಸಿದರೆ ಸೆಕೆಂಡಿಗೆ 16 ಚಿತ್ರ, ಕನ್ನಡಿ ಮೇಲೆತ್ತಿಟ್ಟರೆ 20 ಚಿತ್ರ ತೆಗೆಯುತ್ತಿತ್ತು. ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಕಳೆದುಕೊಂಡದ್ದೇನು? ಬ್ಯಾಟರಿ ಎದ್ದು ಕಾಣುವ ನಷ್ಟ. ಒಂದು ಸಲ ತುಂಬಿದರೆ ಎಷ್ಟು ಚಿತ್ರ ಎಂಬ ಪ್ರಮಾಣಿತ ಲೆಕ್ಕದಲ್ಲಿ 2017ರ ಕನ್ನಡಿ ಕ್ಯಾಮೆರಾ ನಿಕಾನ್ ಡಿ850 1,840 ಚಿತ್ರ ಕೊಟ್ಟರೆ, ಮೊದಲ ಸೋನಿ ಎ7 ಕೊಟ್ಟದ್ದು ಸುಮಾರು 340. ನೋಡುವುದಕ್ಕೂ ವಿದ್ಯುತ್ ಬೇಕಾದದ್ದರ ಫಲ ಇದು. ಬ್ಯಾಟರಿಗಳು ದೊಡ್ಡವಾಗಿ ಈ ಅಂತರ ಕಿರಿದಾಗಿದೆ. ಆದರೆ ಅದಕ್ಕಿಂತ ಸೂಕ್ಷ್ಮವಾದ ನಷ್ಟ ಇನ್ನೊಂದು. ಕನ್ನಡಿ ತೋರಿಸುತ್ತಿದ್ದದ್ದು ಬೆಳಕನ್ನೇ. ಎದುರಿನ ಮುಖಕ್ಕೆ ಬಡಿದ ಅದೇ ಬೆಳಕು ತಡವಿಲ್ಲದೆ ಕಣ್ಣು ಸೇರುತ್ತಿತ್ತು. ಎಲೆಕ್ಟ್ರಾನಿಕ್ ಕಿಂಡಿ ತೋರಿಸುವುದು ಬೆಳಕಿನ ವರದಿಯನ್ನು. ಸೆನ್ಸರ್ ಓದಿ, ಚಿಪ್ ಬಣ್ಣ ಹೊಂದಿಸಿ, ಪರದೆ ಬರೆದದ್ದನ್ನು, ಅದೂ ಕೂದಲೆಳೆಯಷ್ಟು ತಡವಾಗಿ. ಈ ವರದಿಗೆ ಅದರದೇ ಉಪಯೋಗಗಳಿವೆ. ಆಕಾಶ ಬೆಳ್ಳಗೆ ಸುಟ್ಟುಹೋಗುವುದೇ ಎಂಬುದು ತೆಗೆಯುವ ಮೊದಲೇ ತಿಳಿಯುತ್ತದೆ. ದೀಪಾರಾಧನೆಯ ಮಬ್ಬಿನಲ್ಲಿ ಬರಿಗಣ್ಣಿಗೆ ಕಾಣದ್ದು ಕಿಂಡಿಯಲ್ಲಿ ಕಾಣುತ್ತದೆ. ಆದರೂ ಇಡೀ ದಿನ ಮರೆಯಲ್ಲಿ ಕೂತು ಹಕ್ಕಿ ಕಾಯುವವನು ನೋಡುತ್ತಿರುವುದು ಹಕ್ಕಿಯನ್ನಲ್ಲ, ಹಕ್ಕಿಯ ಟಿ.ವಿ.ಯನ್ನು ಎಂದು ಹಳಬರು ಆಕ್ಷೇಪಿಸಿದರೆ ಅದನ್ನು ಹಳಹಳಿಕೆ ಎಂದು ತಳ್ಳಿಹಾಕಲಾಗದು.

ಅದಕ್ಕೂ ಮುಂದಿನ ಪೇಚು 2016ರಲ್ಲಿ ಒಲಿಂಪಸ್‌ನ ಇ-ಎಂ1 ಮಾರ್ಕ್-2 ತಂದಿಟ್ಟಿತು. ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಅದು ಚಿತ್ರಗಳನ್ನು ತೆಗೆಯುತ್ತ, ಹಳೆಯದನ್ನು ಅಳಿಸುತ್ತ ಇರುತ್ತದೆ. ಪೂರ್ತಿ ಒತ್ತಿದಾಗ ಅದಕ್ಕೆ ಹಿಂದಿನ 14 ಚಿತ್ರಗಳೂ ಉಳಿಯುತ್ತವೆ. ಮಿಂಚುಳ್ಳಿ ಕೊಂಬೆ ಬಿಟ್ಟದ್ದನ್ನು ಕಂಡು ಬೆರಳು ಒತ್ತುವಷ್ಟರಲ್ಲಿ ಅದು ನೀರಿನಲ್ಲಿರುತ್ತದೆ. ಈಗ ಪರವಾಗಿಲ್ಲ, ಕೊಂಬೆ ಬಿಟ್ಟ ಚಿತ್ರ ಆಗಲೇ ಕ್ಯಾಮೆರಾದಲ್ಲಿದೆ. ಕನ್ನಡಿ ಕಾಲದಲ್ಲಿ ಛಾಯಾಗ್ರಾಹಕ ತಾನು ಕಾಣದ ಕ್ಷಣವನ್ನು ಊಹೆಯಿಂದ ಹಿಡಿಯುತ್ತಿದ್ದ. ಈಗ ಕಂಡ ಕ್ಷಣವನ್ನು ಅದು ಮುಗಿದ ಮೇಲೆ ಹಿಡಿಯುತ್ತಾನೆ. ಎರಡರಲ್ಲಿ ಯಾವುದು ಹೆಚ್ಚಿನ ಕೈಚಳಕ ಎಂದು ಛಾಯಾಚಿತ್ರ ಸ್ಪರ್ಧೆಗಳ ತೀರ್ಪುಗಾರರು ತಲೆ ಕೆರೆದುಕೊಂಡರೆ ಆಶ್ಚರ್ಯವಿಲ್ಲ.

ಕನ್ನಡಿ ಬಿಟ್ಟುಹೋದ ಜಾಗದಿಂದ ಅನಿರೀಕ್ಷಿತ ಲಾಭವಾದದ್ದು ಹಳೆಯ ಲೆನ್ಸುಗಳಿಗೆ. ನಿಕಾನ್ ಎಫ್‌ನ ಲೆನ್ಸಿಗೆ 46.5 ಮಿ.ಮೀ. ಬೇಕು, ಸೋನಿಯಲ್ಲಿರುವುದು 18. ಉಳಿದ 28.5 ಮಿ.ಮೀ. ಉದ್ದದ ಟೊಳ್ಳು ಬಳೆಯೊಂದನ್ನು ನಡುವೆ ಇಟ್ಟರಾಯಿತು, ಒಳಗೆ ಗಾಜು ಕೂಡ ಬೇಡ. ಲೈಕಾದ್ದು, ಡ್ರೆಸ್ಡೆನ್‌ನದು, ಸೋವಿಯತ್ ರಷ್ಯದ ಹೆಲಿಯೊಸ್, ಹೀಗೆ ಅಜ್ಜನ ಟ್ರಂಕಿನಲ್ಲಿದ್ದ ಲೆನ್ಸೂ ಬೂಸಲು ಹಿಡಿದಿರದಿದ್ದರೆ ಹೊಸ ಕ್ಯಾಮೆರಾದ ಮೇಲೆ ಕೂರುತ್ತದೆ. ಕೈಯಿಂದಲೇ ಫೋಕಸ್ ತಿರುಗಿಸುವಾಗ ಸ್ಪಷ್ಟವಾದ ಅಂಚುಗಳನ್ನು ಕಿಂಡಿಯಲ್ಲಿ ಬಣ್ಣದ ಗೆರೆಯಿಂದ ತೋರಿಸುವ ಸೌಕರ್ಯವೂ ಇದೆ.

ಕನ್ನಡಿ ಕ್ಯಾಮೆರಾವನ್ನು ಪಟ್ಟುಹಿಡಿದು ಉಳಿಸಿಕೊಂಡದ್ದು ಪೆಂಟಾಕ್ಸ್. ಇತರರೆಲ್ಲ ಮಿರರ್‌ಲೆಸ್ ಕಡೆ ಹೊರಳಿದ ಮೇಲೆ, 2021ರಲ್ಲೂ ಅದು ಕೆ-3 ಮಾರ್ಕ್-3 ಎಂಬ ಹೊಸ ಕನ್ನಡಿ ಕ್ಯಾಮೆರಾ ತಂದಿತು. ಕನ್ನಡಿಯನ್ನೂ ಷಟರನ್ನೂ ಬಿಟ್ಟವರಿಗೆ ಬೇರೆಯೇ ತೊಡಕು ಎದುರಾಯಿತು. ಫೋಟೊ ತೆಗೆದಾಯಿತೆಂದು ಎದುರಿಗೆ ನಿಂತವರಿಗೂ ಗೊತ್ತಾಗುವುದಿಲ್ಲ, ತೆಗೆದವರಿಗೂ ಖಾತ್ರಿಯಾಗುವುದಿಲ್ಲ. ಅದಕ್ಕಾಗಿ ಝಡ್9ನಂಥ ಕ್ಯಾಮೆರಾಗಳಲ್ಲಿ ಪುಟ್ಟ ಸ್ಪೀಕರ್ ಇಟ್ಟು ‘ಕ್ಲಿಕ್’ ಎನ್ನಿಸುತ್ತಾರೆ. ಬೇಡವೆನ್ನುವವರು ಮೆನುವಿಗೆ ಹೋಗಿ ನಿಲ್ಲಿಸಬಹುದು.